ಪ್ಲಗ್ ತೆಗೆದ ಮೇಲೂ ಉಳಿದ ಕರೆಂಟು

ಭಾಲ್ಕಿಯ ನನ್ನ ಸೋದರಮಾವನ ಮನೆಯಲ್ಲಿ ಫ್ಯಾನು, ಲೈಟು, ಮಿಕ್ಸರ್ ಯಾವುದೇ ಇರಲಿ, ಸ್ವಿಚ್ ಹಾಕುವ ಕೆಲಸ ಮಾಮಿಯದು. ಮಾಮಿ ಊರಲ್ಲಿಲ್ಲದ ದಿನ ಮಾಮಾ ಲಟ್ಟಣಿಗೆಯ ತುದಿಯಿಂದ ಸ್ವಿಚ್ ಒತ್ತುತ್ತಿದ್ದರು. ಹೊಲದಲ್ಲಿ ಹಾವು ಕಂಡರೆ ಎಲ್ಲರನ್ನೂ ಹಿಂದೆ ಸರಿಸಿ ತಾವು ಮುಂದೆ ನಿಲ್ಲುವ ಮನುಷ್ಯ, ಅಂಗೈಯಗಲದ ಒಂದು ಬಿಳಿ ಬೋರ್ಡಿನ ಎದುರು ಮಾತ್ರ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಹೊಸಬರು ನೋಡಿ ನಗುತ್ತಿದ್ದರು. ಮನೆಯವರು ನಗುವುದನ್ನು ಎಂದೋ ಬಿಟ್ಟಿದ್ದರು.

ಅವರು ಮೊದಲಿನಿಂದ ಹಾಗಿರಲಿಲ್ಲ. ನಾನು ಔರಾದಿನಲ್ಲಿ ಸಣ್ಣ ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಮಾಮಾನದೊಂದು ಮೈಕ್‌ಸೆಟ್ ಇತ್ತು. ಎರಡು ದೊಡ್ಡ ಭೋಂಗಾ ಅಂದರೆ ಕಹಳೆಯಂಥ ಲೌಡ್‌ಸ್ಪೀಕರು, ಒಂದು ಮೈಕು, ಒಂದು ವಾಲ್ವಿನ ಆಂಪ್ಲಿಫೈಯರ್. ಹಲಬರ್ಗಾದಿಂದ ಕಮಲನಗರದವರೆಗೆ ಯಾರ ಮನೆಯಲ್ಲಿ ಮದುವೆಯಾದರೂ ಎತ್ತಿನ ಗಾಡಿಯಲ್ಲೋ ಟೆಂಪೋದಲ್ಲೋ ಆ ಸೆಟ್ ಹೋಗುತ್ತಿತ್ತು. ಬೇವಿನ ಮರಕ್ಕೆ ಭೋಂಗಾ ಕಟ್ಟಿ, ಆಂಪ್ಲಿಫೈಯರ್ ಚಾಲೂ ಮಾಡಿ, ವಾಲ್ವು ಕಾಯುವವರೆಗೆ ಮಾಮಾ ಬೀಡಿ ಸೇದುತ್ತ ಕೂರುತ್ತಿದ್ದರು. ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ. ಮೇಲೆ ಗಾಜಿನ ವಾಲ್ವುಗಳು. ಒಳಗೆ ಕೆಂಡದಂಥ ತಂತಿ ನಿಧಾನವಾಗಿ ಕೆಂಪಾಗುವುದನ್ನು ನೋಡಲು ನಾವು ಮಕ್ಕಳು ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು.

ಕಮಲನಗರದ ಒಂದು ಮದುವೆಯಲ್ಲಿ ಅದು ಹಾಡಿನ ಬದಲು ಗುಂಯ್ ಎಂದು ಒಂದೇ ಸಮನೆ ಕೂಗತೊಡಗಿತು. ಅಕ್ಷತೆಯ ಹೊತ್ತು ಹತ್ತಿರ ಬಂದಿತ್ತು. ಮಾಮಾ ದೊಡ್ಡ ವಾಲ್ವು ಎರಡನ್ನೂ ಕಿತ್ತು, ಒಮ್ಮೆ ಚಾಲೂ ಮಾಡಿ ನೋಡಿ, ಬಂದ್ ಮಾಡಿದರು. ಪ್ಲಗ್ಗನ್ನು ಕಿತ್ತು ಎಡಗೈಯಲ್ಲಿ ಹಿಡಿದುಕೊಂಡರು. ಆಮೇಲೆ ಪೆಟ್ಟಿಗೆಯನ್ನು ಮಗ್ಗುಲಿಗೆ ಹೊರಳಿಸಿ ಬಲಗೈಯನ್ನು ಅದರ ಹೊಟ್ಟೆಯೊಳಗೆ ಹಾಕಿದರು. ಮುಂದಿನದು ಅವರಿಗೆ ನೆನಪಿಲ್ಲ. ಕಟ್ಟೆಯ ಮೇಲಿಂದ ಹಾರಿ ಕೆಳಗೆ ಬಿದ್ದಿದ್ದರಂತೆ. ಭುಜದ ಎಲುಬು ಮುರಿದಿತ್ತು. ಬಲಗೈಯ ಎರಡು ಬೆರಳು ಸುಟ್ಟು ಕಪ್ಪಾಗಿದ್ದವು. ಪ್ಲಗ್ಗು ಎಡ ಮುಷ್ಟಿಯಲ್ಲಿ ಹಾಗೆಯೇ ಇತ್ತಂತೆ.

ಎಲುಬು ಕೂಡಿತು, ಬೆರಳು ಮಾಗಿದವು. ಮಾಗದೆ ಉಳಿದದ್ದು ಜನರ ಮಾತು. "ಪ್ಲಗ್ ನನ್ನ ಕೈಯಾಗೇ ಇತ್ತು, ಆದ್ರೂ ಹೊಡೀತು" ಎಂದು ಮಾಮಾ ಯಾರಿಗೆ ಹೇಳಿದರೂ ಒಬ್ಬರೂ ನಂಬಲಿಲ್ಲ. ತಂತಿಯೇ ಇಲ್ಲದೆ ಕರೆಂಟು ಎಲ್ಲಿಂದ ಬರುತ್ತದೆ? ಗಾಬರಿಯಲ್ಲಿ ಪ್ಲಗ್ ತೆಗೆಯಲು ಮರೆತಿರಬೇಕು ಎಂದರು ಕೆಲವರು. ಮದುವೆ ಮನೆಯಲ್ಲಿ ಕುಡಿದಿರಬೇಕು ಎಂದರು ಕೆಲವರು, ಮಾಮಾ ಕುಡಿಯುವವರಲ್ಲ. ಇನ್ನು ಕೆಲವರು, ಆ ಪೆಟ್ಟಿಗೆಯಲ್ಲೇ ಏನೋ ಸೇರಿಕೊಂಡಿದೆ ಎಂದರು. ಕೊನೆಗೆ ಮಾಮಾನಿಗೆ ಉಳಿದದ್ದು ಎರಡೇ ದಾರಿ: ತಾವು ಸುಳ್ಳುಗಾರ ಎಂದು ಒಪ್ಪಿಕೊಳ್ಳುವುದು, ಇಲ್ಲವೇ ಪೆಟ್ಟಿಗೆಯಲ್ಲಿ ಏನೋ ಇದೆ ಎಂದು ನಂಬುವುದು. ಅವರು ಎರಡನೆಯದನ್ನು ಹಿಡಿದರು. ಭೋಂಗಾ ಮಾರಿ, ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಆಂಪ್ಲಿಫೈಯರ್ ಮಾತ್ರ ಗೋಣಿಚೀಲ ಹೊದ್ದು ಹಿಂದಿನ ಕೋಣೆಯಲ್ಲಿ ಉಳಿಯಿತು.

ನಾನು ಬೀದರಿನ ಒಂದು ಡಿಪ್ಲೊಮಾ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಪ್ರಾಕ್ಟಿಕಲ್ ಕಲಿಸುತ್ತೇನೆ. ಓದುವ ದಿನಗಳಲ್ಲೇ ಒಮ್ಮೆ ಮಾಮಾನಿಗೆ ಹೇಳಿದ್ದೆ, ಅದು ಕಂಡೆನ್ಸರಿನಲ್ಲಿ ಉಳಿದ ಕರೆಂಟು ಇರಬೇಕು ಎಂದು. ಅವರು ಕೇಳಿಸಿಕೊಂಡು, "ಇರಬೌದವಾ, ಪುಸ್ತಕದಾಗ ಹಂಗ ಇರಬೌದು" ಎಂದಿದ್ದರು. ಬಾಯಿಮಾತಿಗೆ ಹೋಗುವ ಭಯ ಅದಾಗಿರಲಿಲ್ಲ.

ಈಚೆಗೆ ಒಂದು ಚಳಿಗಾಲದ ಕೊನೆಗೆ ಮಾಮಿಯ ಫೋನು ಬಂತು. ಮಗಳು ಬಾಣಂತನಕ್ಕೆ ಬರುವವಳಿದ್ದಳು. ಹಿಂದಿನ ಕೋಣೆ ಖಾಲಿ ಮಾಡಿ ಸುಣ್ಣ ಹೊಡೆಸಬೇಕಿತ್ತು.

"ನೀ ಒಮ್ಮೆ ಬಂದು ಹೋಗವಾ ನನ್ನ ತಾಯಿ. ನಿಮ್ಮ ಮಾಮಾ ಆ ಪೆಟಗಿ ಮನ್ಯಾಗ ಇಡ್ಲಾಕೂ ಬಿಡವಲ್ರು, ಭಂಗಾರದವಗ ಕೊಡ್ಲಾಕೂ ಬಿಡವಲ್ರು. ನಾ ಹೈರಾಣ ಆಗೀನಿ."

ಭಾನುವಾರ ಹೋದೆ. ಭಂಗಾರದವನು, ಅಂದರೆ ಗುಜರಿಯವನು, ಅಂದು ಬೆಳಿಗ್ಗೆ ಬಂದು ಬರಿಗೈಯಲ್ಲಿ ಹೋಗಿದ್ದನಂತೆ. ಮಾಮಾ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಯಾಕ ಮಾಮಾ, ಕೊಟ್ಟಿದ್ರ ಆಗ್ತಿತ್ತಲ್ರಿ?"

"ಅವಗೂ ಹೆಂಡ್ತಿ ಮಕ್ಕಳು ಅವ ಇಲ್ಲ? ಅಂವಾ ಒಡೀಲಾಕ ಹೋಗಿ ಒಳಗ ಕೈ ಹಾಕಿದ್ರ? ನನ್ನ ಮನಿ ಸಾಮಾನು ಇನ್ನೊಬ್ಬರ ಜೀವಾ ತೊಗೋಬಾರ್ದು."

ಇಷ್ಟು ವರ್ಷ ನಾವು ಅದನ್ನು ಹೆದರಿಕೆ ಎಂದುಕೊಂಡಿದ್ದೆವು. ಅದರೊಳಗೆ ಕಂಡವರ ಮೇಲಿನ ಕರುಣೆಯೂ ಇತ್ತು.

"ನಾ ಒಯ್ತೇನ್ರಿ ಬೀದರಕ್ಕ. ಅದಕ್ಕೇನಾಗ್ಯಾದ ನೋಡ್ತೇನಿ" ಎಂದೆ.

ಮಾಮಾ ಎದ್ದು ನಿಂತರು. "ಹ್ಯಾಂಗ ಒಯ್ತಿ? ಬಸ್ಸಿನ್ಯಾಗ ಮಂದಿ ಇರ್ತಾರ. ಯಾರಿಗಾರ ಹೊಡದ್ರ?"

"ಅದು ಇಷ್ಟು ವರ್ಷ ಕರೆಂಟ್ ನೋಡೇ ಇಲ್ರಿ ಮಾಮಾ. ಈಗ ಅದರೊಳಗ ಏನೂ ಉಳದಿಲ್ಲ."

"ಆವಾಗೂ ಎಲ್ಲಾರೂ ಹಿಂಗೇ ಅಂದ್ರು, ಪ್ಲಗ್ ತೆಗದ್ರ ಏನೂ ಇರಂಗಿಲ್ಲಂತ."

ಹೇಳಿ ನಂಬಿಸುವ ಬದಲು ಮಾಡಿ ತೋರಿಸಬೇಕು ಎಂದು ಅಲ್ಲೇ ನಿರ್ಧರಿಸಿದೆ. ಬ್ಯಾಗಿನಿಂದ ಮೀಟರ್ ತೆಗೆದು, ಪೆಟ್ಟಿಗೆಯ ತಳದ ತಗಡು ಬಿಚ್ಚಿ, ಕಂಡೆನ್ಸರುಗಳ ಎರಡು ತುದಿಗೆ ಮೀಟರಿನ ಕಡ್ಡಿ ಮುಟ್ಟಿಸಿದೆ. ಸೊನ್ನೆ. ಮಾಮಾ ದೂರದಿಂದಲೇ ನೋಡಿದರು. ಮಾಮಿ ಹಳೆಯ ಕೌದಿಯಲ್ಲಿ ಪೆಟ್ಟಿಗೆ ಸುತ್ತಿ ಕೊಟ್ಟರು. ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡೆ. ಬಸ್ಸು ಹೊರಡುವವರೆಗೆ ಮಾಮಾ ಕಿಟಕಿಯ ಕೆಳಗೆ ನಿಂತೇ ಇದ್ದರು.

ಬೀದರಿನ ಮನೆಯಲ್ಲಿ ಬಾಲ್ಕನಿಯ ಪಕ್ಕದ ಕೋಣೆಯಲ್ಲಿ ಮರದ ಮೇಜು ಹಾಕಿ, ನೆಲಕ್ಕೆ ರಬ್ಬರ್ ಮ್ಯಾಟು ಹಾಸಿದೆ. ಕಾಲೇಜಿನ ಲ್ಯಾಬಿನಲ್ಲಿ ನಾನು ದಿನಾ ಮುಟ್ಟುವುದು ಐದೋ ಹನ್ನೆರಡೋ ವೋಲ್ಟು. ಇದು ನಾನೂರರ ಮೇಲಿನ ಮಾತು. ವಾಲ್ವಿನ ಯಂತ್ರ ಹಾಡಬೇಕಾದರೆ ಅಷ್ಟು ಬೇಕು. ಅದನ್ನು ಒದಗಿಸುವ ಪವರ್ ಸಪ್ಲೈ ಎಂಬ ಭಾಗವೇ ಇಡೀ ಪೆಟ್ಟಿಗೆಯಲ್ಲಿ ಮನುಷ್ಯನ ಜೀವಕ್ಕೆ ಕುತ್ತು ತರಬಲ್ಲದ್ದು. ಹಾಗಾಗಿ ನನಗೂ ಹೆದರಿಕೆಯಿತ್ತು. ಹೆದರಿಕೆ ಇದ್ದದ್ದು ಒಳ್ಳೆಯದೇ ಆಯಿತು.

ಮೊದಲ ನಿಯಮ, ಒಬ್ಬಳೇ ಇದ್ದಾಗ ಕರೆಂಟು ಹಾಕಬಾರದು. ನನ್ನ ಗಂಡ ಕಮಲನಗರದವರು, ಮರಾಠಿ ಶಾಲೆಯಲ್ಲಿ ಮೇಷ್ಟ್ರು. ಅವರನ್ನು ಬೋರ್ಡಿನ ಪಕ್ಕ ಕೂರಿಸಿದೆ. "ನನಗ ಏನಾರ ಆದ್ರ ನನ್ನ ಮುಟ್ಟಬ್ಯಾಡ್ರಿ, ಮೊದಲ ಸ್ವಿಚ್ ಬಂದ್ ಮಾಡ್ರಿ" ಎಂದೆ.

"ಇಷ್ಟ ವರ್ಷ ಸಂಸಾರ ಮಾಡಿ, ನಿನ್ನ ಮುಟ್ಟಬ್ಯಾಡ ಅಂತ ಹೇಳಸ್ಕೊಳ್ಳೂ ದಿನಾ ಬಂತು ನೋಡು" ಎಂದು ನಕ್ಕರು. ಆದರೆ ಪೇಪರ್ ಓದುತ್ತ ಕೂರಲಿಲ್ಲ. ಕಣ್ಣು ನನ್ನ ಕೈ ಮೇಲೇ ಇಟ್ಟಿದ್ದರು.

ಬಳೆ, ಉಂಗುರ, ಕೊರಳ ಸರ ಎಲ್ಲ ತೆಗೆದಿಟ್ಟೆ. ಪ್ಲಗ್ಗನ್ನು ಕಣ್ಣಿಗೆ ಕಾಣುವಂತೆ ಮೇಜಿನ ಮೇಲೆಯೇ ಇಟ್ಟುಕೊಂಡು ಪೆಟ್ಟಿಗೆ ತೆರೆದೆ. ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ತಂತಿಗಳ ರಬ್ಬರು ಒಣಗಿ ಶೇಂಗಾ ಸಿಪ್ಪೆಯಂತೆ ಉದುರುತ್ತಿತ್ತು. ಫ್ಯೂಜಿನ ಜಾಗದಲ್ಲಿ ದಪ್ಪ ತಾಮ್ರದ ತಂತಿಯನ್ನು ಸುತ್ತಿದ್ದರು. ಬೆಂಕಿ ಬಿದ್ದರೂ ತುಂಡಾಗದಂಥದ್ದು. ಅರ್ಥಿಂಗ್ ತಂತಿಯೇ ಇರಲಿಲ್ಲ, ಎರಡು ಕಡ್ಡಿಯ ಪ್ಲಗ್ಗು. ಈ ಪೆಟ್ಟಿಗೆ ಅಷ್ಟು ಮದುವೆಗಳಲ್ಲಿ ಹಾಡಿ ಒಬ್ಬರನ್ನೇ ಕೆಡವಿತೆಂಬುದೇ ನನಗೆ ಆಶ್ಚರ್ಯವಾಯಿತು.

ಬೇಸಿಗೆಯ ಭಾನುವಾರಗಳು ಅದರಲ್ಲೇ ಕಳೆದವು. ಒಣಗಿದ ತಂತಿ ಬದಲಿಸಿದೆ. ಮೂರು ಕಡ್ಡಿಯ ಪ್ಲಗ್ಗು ಹಾಕಿ, ಅರ್ಥಿಂಗ್ ತಂತಿಯನ್ನು ಕಬ್ಬಿಣದ ಮೈಗೆ ಬಿಗಿಯಾಗಿ ಬೋಲ್ಟು ಮಾಡಿದೆ. ಸರಿಯಾದ ಫ್ಯೂಜು ಕೂರಿಸಿದೆ. ಹಳೆಯ ಕಂಡೆನ್ಸರುಗಳ ತುದಿ ಉಬ್ಬಿ, ಒಳಗಿನ ರಸ ಹೊರಬಂದು ಗಟ್ಟಿಯಾಗಿತ್ತು. ಗುಂಯ್ ಎನ್ನುವ ಕೂಗು ಅವುಗಳದೇ. ಅವನ್ನು ತೆಗೆದು ಹೆಚ್ಚು ವೋಲ್ಟು ತಡೆಯುವ ಹೊಸವನ್ನು ತರಿಸಿದೆ.

ಅವನ್ನು ಬೆಸೆಯಲು ಜಾಗ ಒರೆಸುತ್ತಿದ್ದಾಗ, ಕಂಡೆನ್ಸರಿನ ಎರಡು ತುದಿಗೆ ಅಡ್ಡಲಾಗಿ ಕೂರಿಸಿದ್ದ ಒಂದು ರೆಸಿಸ್ಟರ್ ಕಣ್ಣಿಗೆ ಬಿತ್ತು. ಮೇಲೆ ನೋಡಲು ನೆಟ್ಟಗಿತ್ತು. ಮೀಟರ್ ಹಚ್ಚಿದರೆ ಕರೆಂಟು ಹರಿಯುವ ದಾರಿಯೇ ತೋರಿಸಲಿಲ್ಲ. ಕಿತ್ತು ಬೆಳಕಿಗೆ ಹಿಡಿದೆ. ನಡುವೆ ಕೂದಲೆಳೆಯಷ್ಟು ಸೀಳು.

ಕುರ್ಚಿಗೆ ಒರಗಿ ಕೂತೆ. ನನ್ನ ಗಂಡ ಗಾಬರಿಯಾಗಿ, "ಏನಾಯ್ತು?" ಎಂದರು.

"ಮಾಮಾ ಖರೇ ಹೇಳಿದ್ರು" ಎಂದೆ. "ಅವರು ಹೇಳಿದ್ದೆಲ್ಲ ಖರೆ ಅದ."

ಆ ರೆಸಿಸ್ಟರಿನ ಕೆಲಸವೇ ಅದು. ಕಂಡೆನ್ಸರು ಕರೆಂಟನ್ನು ತುಂಬಿಟ್ಟುಕೊಳ್ಳುತ್ತದೆ. ಯಂತ್ರ ಬಂದ್ ಮಾಡಿದ ಮೇಲೆ ಆ ತುಂಬಿಟ್ಟದ್ದು ಈ ರೆಸಿಸ್ಟರಿನ ಮೂಲಕ ಸೋರಿ ಖಾಲಿಯಾಗಬೇಕು. ಅದು ಸೀಳಿದ್ದರೂ ದಿನನಿತ್ಯ ಗೊತ್ತಾಗುವುದಿಲ್ಲ, ಏಕೆಂದರೆ ಬಿಸಿಯಿರುವ ದೊಡ್ಡ ವಾಲ್ವುಗಳು ಉಳಿದ ಕರೆಂಟನ್ನು ಕುಡಿದುಬಿಡುತ್ತವೆ. ಆದರೆ ಆ ದಿನ ಮಾಮಾ ದೊಡ್ಡ ವಾಲ್ವು ಎರಡನ್ನೂ ಕಿತ್ತಿಟ್ಟಿದ್ದರು. ಖಾಲಿಯಾಗುವ ಎರಡೂ ದಾರಿ ಮುಚ್ಚಿದ್ದವು. ಉಳಿದದ್ದು ಒಂದೇ ದಾರಿ, ಅವರ ಕೈ.

ಅಂದೇ ಫೋನು ಮಾಡಿದೆ. "ಮಾಮಾ, ನಿಮಗ ಹೊಡದದ್ದು ಏನಂತ ಸಿಕ್ಕದ್ರಿ. ನೀವು ಬಂದು ನೋಡ್ಬೇಕು."

"ನನ್ನ ಅದರ ಮುಂದ ಕೂಡಸ್ಬ್ಯಾಡ" ಎಂದರು.

"ನೀವು ಬಾಗಲದಾಗ ಕೂಡ್ರಿ. ಒಳಗ ಬರಬ್ಯಾಡ್ರಿ."

ಮುಂದಿನ ಭಾನುವಾರ ಮಾಮಾ, ಮಾಮಿ ಭಾಲ್ಕಿಯಿಂದ ಬೆಳಗಿನ ರೈಲಿಗೆ ಬಂದರು. ಮಾಮಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಕೋರ್ಟಿಗೆ ಸಾಕ್ಷಿ ಹೇಳಲು ಬಂದವರ ಹಾಗೆ. ಚಹಾ ಕುಡಿದರು, ಉಪ್ಪಿಟ್ಟು ಬೇಡವೆಂದರು. ಬಾಗಿಲಿನ ಆಚೆ ಕುರ್ಚಿ ಹಾಕಿಸಿಕೊಂಡು ಕೂತರು.

ನಾನು ಬೇಕೆಂದೇ ಹೊಸ ರೆಸಿಸ್ಟರನ್ನು ಇನ್ನೂ ಬೆಸೆದಿರಲಿಲ್ಲ. ದೊಡ್ಡ ವಾಲ್ವುಗಳನ್ನೂ ಕಿತ್ತಿಟ್ಟಿದ್ದೆ. ಅಂದಿನ ಹಾಗೆಯೇ ಇರಲಿ ಎಂದು. ಪ್ಲಗ್ ಹಾಕುವ ಮೊದಲೇ ಮೀಟರಿನ ಕ್ಲಿಪ್ಪುಗಳನ್ನು ಕಂಡೆನ್ಸರಿಗೆ ಕಚ್ಚಿಸಿ, ಕೈ ಹಿಂದೆಗೆದುಕೊಂಡೆ. ಜೀವ ಬಂದ ಮೇಲೆ ಒಳಗೆ ಕೈ ಹಾಕುವ ಪ್ರಸಂಗವೇ ಬರಬಾರದು. ಮೀಟರಿನ ಮುಖವನ್ನು ಬಾಗಿಲ ಕಡೆ ತಿರುಗಿಸಿದೆ. ಕರೆಂಟು ಬರುವ ದಾರಿಯಲ್ಲೊಂದು ಸೀರೀಸ್ ಬಲ್ಬು ಜೋಡಿಸಿದ್ದೆ. ಪೆಟ್ಟಿಗೆಯಲ್ಲಿ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿದು ತಾನೇ ಭಾರ ಹೊರುತ್ತದೆ, ಯಂತ್ರ ಉಳಿಯುತ್ತದೆ. ನನ್ನ ಗಂಡ ಸ್ವಿಚ್ ಹಾಕಿದರು. ಬಲ್ಬು ಒಮ್ಮೆ ಮಿಂಚಿ ಮಂಕಾಯಿತು. ಅಂದರೆ ಒಳಗೆ ಎಲ್ಲ ಸರಿಯಿದೆ. ಮೀಟರಿನ ಅಂಕಿ ಮೇಲೇರುತ್ತ ನಾನೂರು ದಾಟಿತು.

"ಈಗ ಬಂದ್ ಮಾಡ್ರಿ. ಪ್ಲಗ್ ಕಿತ್ತು ಮಾಮಾನ ಕೈಯಾಗ ಕೊಡ್ರಿ."

ನನ್ನ ಗಂಡ ಪ್ಲಗ್ಗನ್ನು ಕಿತ್ತು, ತಂತಿ ಎಳೆದುಕೊಂಡು ಹೋಗಿ ಮಾಮಾನ ಮುಂದೆ ಹಿಡಿದರು. ಕಿತ್ತ ಮೇಲೆ ಪ್ಲಗ್ಗಿನ ಕಡ್ಡಿಗಳಲ್ಲಿ ಏನೂ ಉಳಿಯುವುದಿಲ್ಲವೆಂದು ನಾನು ಮೊದಲೇ ಅಳೆದು ನೋಡಿದ್ದೆ. ಆದರೂ ಅವರು ಮುಟ್ಟಲಿಲ್ಲ. ಕಣ್ಣು ಮೀಟರಿನ ಮೇಲಿತ್ತು.

ಅಂಕಿ ಇನ್ನೂ ನಾನೂರರ ಹತ್ತಿರವೇ ಇತ್ತು. ಒಂದೊಂದೇ ಕೆಳಗಿಳಿಯುತ್ತಿತ್ತು, ಮುದುಕಿ ಮೆಟ್ಟಿಲಿಳಿದ ಹಾಗೆ.

"ಪ್ಲಗ್ ಎಲ್ಲದ?" ಎಂದರು ಮಾಮಾ.

"ನಿಮ್ಮ ಮುಂದೇ ಅದಲ್ರಿ."

"ಹಂಗಾದ್ರ ಅದ್ಯಾತರದು, ಅಲ್ಲಿ ತೋರಸ್ಲತ್ತದ್ದು?"

"ನಿಮ್ಮ ಮನಿ ಮ್ಯಾಲ ನೀರಿನ ಟಾಕಿ ಅದ ಇಲ್ರಿ? ಮೋಟಾರ್ ಬಂದ್ ಮಾಡಿದ ಕೂಡ್ಲೆ ಟಾಕಿ ಖಾಲಿ ಆಗ್ತದೇನು? ಹಂಗೇ ಇದು. ತುಂಬಿದ್ದು ಒಳಗೇ ಉಳದದ. ಆವತ್ತೂ ಹಿಂಗೇ ಉಳದಿತ್ತು."

ಮಾಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೀಟರು ನೋಡುತ್ತಿದ್ದರು. ಮಾಮಾ ಹೆಂಡತಿಯ ಕಡೆ ತಿರುಗಿ, ಬಹಳ ಮೆಲ್ಲಗೆ ಹೇಳಿದರು.

"ನಾ ಸುಳ್ಳ ಹೇಳಿದ್ದಿಲ್ಲ."

"ನಾ ಎಂದರ ಹಂಗ ಅಂದೇನೇನ್ರಿ?" ಎಂದರು ಮಾಮಿ. ಅವರ ಕಣ್ಣು ತುಂಬಿದ್ದವು.

ಕಂಡೆನ್ಸರನ್ನು ಖಾಲಿ ಮಾಡುವುದನ್ನು ತೋರಿಸಿದೆ. ಕೆಲವರು ಸ್ಕ್ರೂಡ್ರೈವರ್ ಅಡ್ಡ ಹಿಡಿದು ಚಟ್ ಎನಿಸುತ್ತಾರೆ. ಹಾಗೆ ಮಾಡಿದರೆ ಕಿಡಿ ಹಾರುತ್ತದೆ, ಕಂಡೆನ್ಸರೂ ಕೆಡುತ್ತದೆ, ಕೈಯೂ ಬೆದರುತ್ತದೆ. ಉದ್ದನೆಯ ಪ್ಲಾಸ್ಟಿಕ್ ಹಿಡಿಯ ತುದಿಗೆ ದಪ್ಪ ರೆಸಿಸ್ಟರ್ ಕಟ್ಟಿದ ಒಂದು ಕಡ್ಡಿಯನ್ನು ನಾನೇ ಮಾಡಿಕೊಂಡಿದ್ದೆ. ಎಡಗೈ ಬೆನ್ನ ಹಿಂದೆ ಇಟ್ಟು, ಒಂದೇ ಕೈಯಿಂದ ಆ ಕಡ್ಡಿ ಮುಟ್ಟಿಸಿದೆ. ಎರಡೂ ಕೈ ಒಳಗಿದ್ದರೆ ಕರೆಂಟು ಒಂದು ಕೈಯಿಂದ ಎದೆಯ ಮೂಲಕ ಇನ್ನೊಂದಕ್ಕೆ ದಾಟುತ್ತದೆ. ಅಂಕಿ ಸರಸರನೆ ಇಳಿದು ಸೊನ್ನೆಗೆ ಬಂತು. ಕಡ್ಡಿ ತೆಗೆದೆ. ಸ್ವಲ್ಪ ಹೊತ್ತಿಗೆ ಅಂಕಿ ತಾನಾಗಿಯೇ ಒಂದಿಷ್ಟು ಮೇಲೆ ಬಂತು.

ಮಾಮಾ ಕುರ್ಚಿಯಲ್ಲೇ ಹಿಂದೆ ಸರಿದರು. "ನೋಡು, ಮತ್ತ ಎದ್ದು ಕೂಡ್ಲತ್ತದ!"

"ಹೌದ್ರಿ. ಹಿಂಡಿದ ಬಟ್ಟಿ ಹಗ್ಗಕ್ಕ ಹಾಕಿದ ಮ್ಯಾಲೂ ನಾಕ ಹನಿ ಇಳೀತಾವಲ್ಲ, ಹಂಗ. ಅದಕ್ಕೇ ಒಮ್ಮೆ ಖಾಲಿ ಮಾಡಿ ನಂಬಬಾರ್ದು. ಮತ್ತ ಖಾಲಿ ಮಾಡ್ಬೇಕು, ಮತ್ತ ಅಳೀಬೇಕು. ಆಮ್ಯಾಲ ಕೈ."

ಎಲ್ಲ ಸೊನ್ನೆಯಾದ ಮೇಲೆ ಅವರ ಎದುರಿಗೇ ಹೊಸ ರೆಸಿಸ್ಟರನ್ನು ಬೆಸೆದೆ. ಮತ್ತೆ ಕ್ಲಿಪ್ಪು ಕಚ್ಚಿಸಿ, ಕೈ ತೆಗೆದು, ಸ್ವಿಚ್ ಹಾಕಿಸಿದೆ. ಅಂಕಿ ಏರಿತು. ಬಂದ್ ಮಾಡಿ ಪ್ಲಗ್ ಕಿತ್ತಾಗ ಈ ಸಲ ಅದು ಅಲ್ಲಿ ನಿಲ್ಲಲಿಲ್ಲ. ಮುನ್ನೂರು, ಇನ್ನೂರು ಎಂದು ಜಾರುತ್ತ, ನಾವು ನೋಡುತ್ತಿರುವಂತೆಯೇ ತಳ ಮುಟ್ಟಿತು.

"ಇನ್ನೊಮ್ಮೆ ಮಾಡು" ಎಂದರು ಮಾಮಾ. ಮಾಡಿದೆ. "ಇನ್ನೊಮ್ಮೆ" ಎಂದರು. ಅದು ಎಷ್ಟು ಸಲ ಆಯಿತೋ. ಯಾವ ಸಲದಲ್ಲೋ ನಾನು ತಿರುಗಿ ನೋಡಿದರೆ ಅವರ ಕುರ್ಚಿ ಹೊಸ್ತಿಲಿನ ಈಚೆಗಿತ್ತು.

ಊಟದ ನಂತರ ಸೀಳಿದ ಹಳೆಯ ರೆಸಿಸ್ಟರನ್ನು ಅವರ ಅಂಗೈಯಲ್ಲಿಟ್ಟೆ. ಕನ್ನಡಕ ಏರಿಸಿ, ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟೇ ಇಷ್ಟದ" ಎಂದರು. "ಇಷ್ಟು ಸಣ್ಣದಕ್ಕ ನಾ ಅಷ್ಟು ದೊಡ್ಡ ಭೂತ ಕಟ್ಟಿದ್ದೆ." ಫ್ಯೂಜಿನ ಜಾಗದ ತಾಮ್ರದ ತಂತಿ ತೋರಿಸಿದಾಗ ಮಾತ್ರ ನಾಲಿಗೆ ಕಚ್ಚಿಕೊಂಡು ನಕ್ಕರು. "ಅದು ನಂದೇ ಕಾರಭಾರ. ಮದಿವ್ಯಾಗ ಪದೇ ಪದೇ ಫ್ಯೂಜ್ ಹಾರ್ತಿತ್ತಂತ ಸುತ್ತಿದ್ದೆ."

ಆಮೇಲೆ ಅವರು ಮೇಜಿನ ಹತ್ತಿರ ಬಂದರು. ಪ್ಲಗ್ ಹೊರಗಿದೆಯೇ ಎಂದು ನೋಡಿದರು. ಮೀಟರು ನೋಡಿದರು. ಎಡಗೈ ಬೆನ್ನ ಹಿಂದೆ ಕಟ್ಟಿಕೊಂಡರು, ಹೇಳಿಕೊಡದೆಯೇ. ಮಾಗಿದ ಕಲೆಯಿದ್ದ ಆ ಎರಡು ಬೆರಳನ್ನು ಚಾಚಿ, ಕಂಡೆನ್ಸರಿನ ತುದಿಯನ್ನು ಮುಟ್ಟಿದರು. ಮುಟ್ಟಿ, ಹಾಗೆಯೇ ಇಟ್ಟುಕೊಂಡು ನಿಂತರು.

"ತಣ್ಣಗದ" ಎಂದರು.

ಅಂದು ಸಂಜೆ ಹೊರಡುವ ಮೊದಲು ನಮ್ಮ ಪಡಸಾಲೆಯ ಫ್ಯಾನನ್ನು ಮಾಮಾ ತಾವೇ ಬಂದ್ ಮಾಡಿದರು, ಬೆರಳಿನಿಂದ. ಮಾಮಿ ನನ್ನ ಕೈ ಹಿಸುಕಿದರು. ಬಾಯಿ ಬಿಟ್ಟು ಏನೂ ಅನ್ನಲಿಲ್ಲ, ಎಲ್ಲಿ ಅವರಿಗೆ ನೆನಪಾಗಿ ಕೈ ಹಿಂದೆಳೆದುಕೊಳ್ಳುತ್ತಾರೋ ಎಂದು.

ಈ ಸುದ್ದಿ ಔರಾದಿನಲ್ಲಿರುವ ನನ್ನ ಅವ್ವನಿಗೆ ತಲುಪಲು ಬಹಳ ಹೊತ್ತು ಹಿಡಿಯಲಿಲ್ಲ. ಅವ್ವ ಮಾಮಾನ ಅಕ್ಕ. ಅಲ್ಲಿನ ಬುದ್ಧ ವಿಹಾರದಲ್ಲಿ ಹಾಡುವ ಹೆಂಗಸರ ಗುಂಪಿಗೆ ಅವಳೇ ಹಿರಿಯಳು. ವೈಶಾಖ ಹುಣ್ಣಿಮೆಯ ಬುದ್ಧ ಜಯಂತಿ ಕಾರ್ಯಕ್ರಮಕ್ಕೆ ತಮ್ಮನ ಆಂಪ್ಲಿಫೈಯರೇ ಬೇಕೆಂದು ಹಟ ಹಿಡಿದಳು. "ಡಿಜೆ ಹಚ್ಚಿದ್ರ ನಮ್ಮ ಹಾಡು ನಮಗೇ ಕೇಳಸಂಗಿಲ್ಲ. ಎದಿ ಡಬಡಬ ಅಂತದ" ಎಂದಳು. ಹೊರಗಿನ ಅಂಗಳಕ್ಕೆ ದೊಡ್ಡ ಸೌಂಡು, ಒಳಗಿನ ಹಾಡಿಗೆ ಮಾಮಾನ ಯಂತ್ರ ಎಂದು ತೀರ್ಮಾನವಾಯಿತು. ದೊಡ್ಡ ವಾಲ್ವುಗಳನ್ನು ಮತ್ತೆ ಕೂರಿಸಿ, ವಿಹಾರದ ಕಂಬದಂಥ ಹಳೆಯ ಸ್ಪೀಕರುಗಳಿಗೆ ಅದನ್ನು ಹೊಂದಿಸಿದೆ. ಸ್ಪೀಕರ್ ಜೋಡಿಸದೆ ವಾಲ್ವಿನ ಯಂತ್ರ ಚಾಲೂ ಮಾಡಿದರೆ ಅದು ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆಂದು ಮಾಮಾ ನನ್ನನ್ನೇ ಎಚ್ಚರಿಸಿದರು. ನನಗೆ ಗೊತ್ತಿತ್ತು. ಅವರು ಹೇಳಲಿ ಎಂದು ಸುಮ್ಮನಿದ್ದೆ.

ಹುಣ್ಣಿಮೆಯ ದಿನ ಮಧ್ಯಾಹ್ನ ಔರಾದಿನ ಬಿಸಿಲು ತಗಡಿನ ಮೇಲೆ ಜೋಳ ಹುರಿಯುವಂತಿತ್ತು. ಬಾಡಿಗೆಯ ಸೌಂಡಿನವನು, ಮೂವತ್ತೈದು ದಾಟಿದ ಗಟ್ಟಿಮುಟ್ಟು ಮನುಷ್ಯ, ಬೆಳಗ್ಗಿನಿಂದ ಅಂಗಳದಲ್ಲಿ ಒದ್ದಾಡುತ್ತಿದ್ದ. ಅವನ ಹೊಸ ಆಂಪ್ಲಿಫೈಯರ್ ಒಮ್ಮೆ ಕೂಗಿ ಸುಮ್ಮನಾಗಿತ್ತು. ಅವನು ಬೆವರು ಒರೆಸುತ್ತ ಪ್ಲಗ್ ಕಿತ್ತು ಎಸೆದ, ಮೇಲಿನ ತಗಡು ಬಿಚ್ಚಿದ, ಕೈ ಒಳಗೆ ಹಾಕಲು ಬಾಗಿದ.

ಮಾಮಾ ನನ್ನ ಪಕ್ಕದಲ್ಲಿ ಮಜ್ಜಿಗೆ ಕುಡಿಯುತ್ತಿದ್ದರು. ಲೋಟ ಎಲ್ಲಿ ಬಿತ್ತೋ ಗೊತ್ತಿಲ್ಲ. ಆ ವಯಸ್ಸಿನಲ್ಲಿ ಅವರು ಅಷ್ಟು ಜೋರಾಗಿ ಓಡಿದ್ದನ್ನು ನಾನು ನೋಡಿರಲಿಲ್ಲ. ಹೋಗಿ ಅವನ ಮುಂಗೈ ಹಿಡಿದರು.

"ನಿಂದ್ರಿ! ಕೈ ಹಾಕಬ್ಯಾಡ್ರಿ!"

ಅವನು ಸಿಟ್ಟಿನಿಂದ ನೋಡಿದ. "ಯಾಕ್ರಿ ಕಾಕಾ? ಪ್ಲಗ್ ತೆಗದೀನಲ್ಲ, ಕಾಣವಲ್ದೇನು?"

"ಕಾಣ್ಲತ್ತದ. ಪ್ಲಗ್ ತೆಗದ ಮ್ಯಾಲೇ ನನಗ ಹೊಡದದ ಅದು." ಬಲಗೈ ಎತ್ತಿ ಬೆರಳು ತೋರಿಸಿದರು. "ಮದಿವಿ ಮನಿ ಮುಂದ ಹಾರಿ ಬಿದ್ದೀನಿ. ಜರಾ ತಡೀರಿ."

ಅವನ ಯಂತ್ರ ವಾಲ್ವಿನದಲ್ಲ, ಈಗಿನ ಕಾಲದ್ದು. ಆದರೆ ಅದರ ಪವರ್ ಸಪ್ಲೈಯಲ್ಲೂ ಡಬ್ಬಿಯಂಥ ಕಂಡೆನ್ಸರುಗಳಿದ್ದವು. ಮಾಮಾ ನನ್ನ ಕಡೆ ತಿರುಗಿ ಕೈ ಚಾಚಿದರು. ಮೀಟರು ಕೊಟ್ಟೆ. ಅವರು ತಾವೇ, ಒಂದು ಕೈ ಬೆನ್ನ ಹಿಂದೆ ಇಟ್ಟು, ಕಪ್ಪು ಕ್ಲಿಪ್ಪನ್ನು ಕಚ್ಚಿಸಿ, ಕೆಂಪು ಕಡ್ಡಿಯನ್ನು ಮುಟ್ಟಿಸಿದರು. ಮೀಟರು ಮುನ್ನೂರರ ಆಸುಪಾಸು ತೋರಿಸಿತು.

ಸೌಂಡಿನವನ ಮುಖದ ಬಣ್ಣ ಇಳಿಯಿತು. ತನ್ನ ಕೈಯನ್ನು ತಾನೇ ನೋಡಿಕೊಂಡ. "ನಾ ದಿನಾ ಹಿಂಗೇ ಮಾಡ್ತೇನ್ರಿ ಕಾಕಾ" ಎಂದ.

"ದಿನಾ ಉಳದೀರಿ. ಅದು ನಿಮ್ಮ ಪುಣ್ಯ. ನಾಳಿಂದ ಪುಣ್ಯದ ಮ್ಯಾಲ ಬಿಡಬ್ಯಾಡ್ರಿ, ಮೀಟರ್ ಮ್ಯಾಲ ಬಿಡ್ರಿ."

ಕಂಡೆನ್ಸರು ಖಾಲಿ ಮಾಡಿ, ಮತ್ತೆ ಅಳೆದು, ಆಮೇಲೆ ಇಬ್ಬರೂ ಕೂಡಿ ಒಳಗೆ ನೋಡಿದರು. ಸಡಿಲಾದ ಒಂದು ಜೋಡಣೆ. ನಾನು ಬೆಸೆದು ಕೊಟ್ಟೆ. ಅವನು ಹೋಗುವಾಗ ಆ ಪ್ಲಾಸ್ಟಿಕ್ ಹಿಡಿಯ ಕಡ್ಡಿಯ ಫೋಟೋ ತೆಗೆದುಕೊಂಡ. ತಾನೂ ಒಂದು ಮಾಡಿಕೊಳ್ಳುವುದಾಗಿ ಹೇಳಿದ. ಅಷ್ಟೇ ಸಾಲದೆಂಬಂತೆ ಒಳಗೆ ಬಂದು, ಮಾಮಾನ ವಾಲ್ವುಗಳು ಕೆಂಪಾಗುವುದನ್ನು ಮಂಡಿಯೂರಿ ನೋಡಿದ.

ಸಂಜೆ ಬಿಸಿಲು ಇಳಿದ ಮೇಲೆ ಹೆಂಗಸರು ಬಿಳಿ ಸೀರೆಯುಟ್ಟು ಬಂದು ಚಾಪೆಯ ಮೇಲೆ ಕೂತರು. ಅವ್ವ ನಡುವೆ ಕೂತಳು. ಮೈಕು ಸರಿ ಮಾಡಲು ಹೋದ ಮಾಮಾನಿಗೆ ಯಾರೋ, "ನೀವೇ ನಾಕ ಮಾತು ಹೇಳ್ರಿ" ಎಂದರು. ಅವರು ತಡವರಿಸಿದರು. ಮೈಕಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಒಂದೇ ಮಾತು ಕೇಳಿದರು.

"ಹಿಂದ ಕುಂತವರಿಗೆ ಕೇಳಸ್ಲತ್ತದೇನ್ರಿ?"

ದನಿ ದುಂಡಗೆ, ಬೆಚ್ಚಗೆ ಗೋಡೆಯವರೆಗೂ ಹೋಯಿತು. ಹಿಂಭಾಗದಿಂದ ಹತ್ತಾರು ಜನ ಒಟ್ಟಿಗೇ, "ಕೇಳಸ್ಲತ್ತದ್ರಿ" ಎಂದರು. ಮಾಮಾ ತಲೆಯಾಡಿಸಿ, ಮೈಕನ್ನು ಅಕ್ಕನ ಕಡೆ ಬಾಗಿಸಿ, ಯಂತ್ರದ ಪಕ್ಕ ಬಂದು ಕೂತರು. ಅವ್ವ ಕಣ್ಣು ಮುಚ್ಚಿ ಬುದ್ಧ ವಂದನೆಯ ಮೊದಲ ಸಾಲು ಎತ್ತಿಕೊಂಡಳು.